ಊರ ಗಿಡಗಳ ಸೋದರಮಾವ

ನಮ್ಮ ಮಾಮಾನಿಗೆ ಬೆಳಗಾವಿಯಲ್ಲಿರುವಷ್ಟು ಸೋದರಳಿಯಂದಿರು ಇಡೀ ಕರ್ನಾಟಕದಲ್ಲಿ ಇನ್ನೊಬ್ಬರಿಗಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಸದಾಶಿವನಗರದ ಯಾವ ಅಡ್ಡರಸ್ತೆಗೆ ಹೋದರೂ ಇಬ್ಬರು ಮೂವರು ಸಿಕ್ಕೇ ಸಿಗುತ್ತಾರೆ. ಹಿಂಡಲಗಾ ರಸ್ತೆಯಲ್ಲಂತೂ ಸಾಲುಗಟ್ಟಿ ನಿಂತಿದ್ದಾರೆ. ಕಾಕತಿ ಕಡೆ ಹೋದರೆ ಮಾಮಾನಿಗಿಂತ ವಯಸ್ಸಿನಲ್ಲಿ ಹಿರಿಯರಾದ ಅಳಿಯಂದಿರೂ ಇದ್ದಾರೆ! ಆದರೆ ಅವರಲ್ಲಿ ಒಬ್ಬನೂ ಇವತ್ತಿನವರೆಗೆ ಬಾಯಿಬಿಟ್ಟು 'ಮಾಮಾ' ಅಂದವನಲ್ಲ. ಅನ್ನುವುದಾದರೂ ಹೇಗೆ? ಎಲ್ಲರೂ ಬೇವು, ಹುಣಸೆ, ಮಾವು, ಗುಲ್‌ಮೊಹರ್.

ಗಾಬರಿಯಾಗಬೇಡಿ, ಮಾಮಾನ ತಲೆ ನೆಟ್ಟಗೇ ಇದೆ. ನೆಟ್ಟಗಿಲ್ಲದ್ದು ಅದರ ಮೇಲಿನ ಕೂದಲು ಮಾತ್ರ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಗ ಅವನು ಕರೆಂಟಿನ ತಂತಿಗೆ ತಾಗುವ ರಸ್ತೆಬದಿಯ ಗಿಡಗಳ ಟೊಂಗೆ ಸವರುವ ಗ್ಯಾಂಗಿಗೆ ಮುಕಾದಮನಾಗಿದ್ದ, ಅಂದರೆ ಮೇಸ್ತ್ರಿ. ಖಾನಾಪುರದಲ್ಲಿ ಮನೆ. ದಿನಾ ಮುಂಜಾನೆ ಬಸ್ಸು ಹತ್ತಿ ಬೆಳಗಾವಿಗೆ ಬಂದು, ಗ್ಯಾಂಗಿನವರಿಗೆ ಯಾವ ಟೊಂಗೆ ಹೋಗಬೇಕು, ಯಾವುದು ಉಳಿಯಬೇಕು ಎಂದು ತೋರಿಸಿ, ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಹಿಂದಿರುಗುತ್ತಿದ್ದ. ಬಹುವಚನದಲ್ಲಿ ಕರೆದರೆ ಹಿಂದೆ ಯಾರು ಬಂದರೆಂದು ತಿರುಗಿ ನೋಡುವ ಮನುಷ್ಯ, ಆದ್ದರಿಂದ ಇಲ್ಲಿ ಏಕವಚನವೇ ಇರಲಿ.

ಇಂಥ ಕೆಲಸಕ್ಕೆ ಎಂಥವರು ಬೇಕು ಹೇಳಿ? ಗಟ್ಟಿ ಗುಂಡಿಗೆಯವರು ಬೇಕು. ನಮ್ಮ ಮಾಮಾನಿಗೋ, ಕೊಡಲಿ ಗಿಡಕ್ಕೆ ತಾಗುವುದನ್ನು ನೋಡಲಿಕ್ಕೇ ಆಗುತ್ತಿರಲಿಲ್ಲ! "ಹಾಂ, ಆ ಬಾಜೂದ್ದು, ತಂತಿಗೆ ಹತ್ತಿದ್ದು, ಅದಷ್ಟ" ಎಂದು ಬೆರಳು ಮಾಡಿ ತೋರಿಸಿ, ಗಿಡಕ್ಕೆ ಬೆನ್ನು ತಿರುವಿ, ರಸ್ತೆಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದ. ಮೇಲೆ ಏರಿದ ಭರಮಾ, ಅವನ ಗ್ಯಾಂಗಿನ ಹಳೇ ಆಳು, ಇನ್ನೂ ಸೊಂಟಕ್ಕೆ ಹಗ್ಗ ಬಿಗಿಯುತ್ತಿರುವಾಗಲೇ ಕೆಳಗಿನಿಂದ ಪ್ರಶ್ನೆ:

"ಆತೇನೋ?"

"ಇನ್ನೂ ಹಗ್ಗಾನ ಕಟ್ಟಿಲ್ಲರೀ ಮುಕಾದಮರ!"

"ಲಗೂನ ಮುಗಸೋ ಮಾರಾಯಾ, ನನ್ನ ಕಾಲು ಥರಥರ ಅನ್ನಾಕತ್ತಾವ."

ಏರಿದವನ ಕಾಲು ಗಟ್ಟಿ, ನೆಲದ ಮೇಲೆ ನಿಂತವನ ಕಾಲು ನಡುಕ! ಕ್ಷೌರದಂಗಡಿಗೂ ಅವನದು ಇದೇ ನಿಯಮ. ಕೂದಲು ಕಿವಿ ಮುಚ್ಚಿ ಕೊರಳಿಗೆ ಇಳಿಯುವವರೆಗೆ ಅತ್ತ ಸುಳಿಯುತ್ತಿರಲಿಲ್ಲ. ಸುಳಿದರೂ ಕನ್ನಡಿಗೆ ಬೆನ್ನು ಮಾಡಿ ಕೂಡುತ್ತಿದ್ದ. ಹೀಗಾಗಿ ಖಾನಾಪುರದ ಕ್ಷೌರಿಕರು ಅವನ ತಲೆಯ ಮುಂಭಾಗವನ್ನು ಅಂದಾಜಿನ ಮೇಲೆ ಕತ್ತರಿಸಿ ಕಳಿಸುತ್ತಿದ್ದರು.

ಇಷ್ಟಿದ್ದರೂ ಆ ಗ್ಯಾಂಗಿನಷ್ಟು ಸಲೀಸಾಗಿ ಊರಲ್ಲಿ ಯಾರೂ ಟೊಂಗೆ ಸವರುತ್ತಿರಲಿಲ್ಲ. ಮಿಕ್ಕ ಗ್ಯಾಂಗಿನವರು ಹೋದಲ್ಲೆಲ್ಲ ಜಗಳ. ಮನೆಮುಂದಿನ ಗಿಡಕ್ಕೆ ಕೊಡಲಿ ತಗುಲಿದರೆ ಯಾರು ಸುಮ್ಮನಿರುತ್ತಾರೆ? ಒಬ್ಬರಿಗೆ ನೆರಳು ಹೋಯಿತೆಂಬ ಸಿಟ್ಟು, ಇನ್ನೊಬ್ಬರಿಗೆ ಹೂವು ಹೋಯಿತೆಂಬ ದುಃಖ. ಮಾಮಾ ಹೋದಲ್ಲಿ ಮಾತ್ರ ಚಹಾ ಬರುತ್ತಿತ್ತು. ಅದರ ಗುಟ್ಟು ಇಷ್ಟೇ: ಅವನು ಗಿಡ ಕಡಿಯುತ್ತೇವೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಹಿಂದಿನ ದಿನವೇ ಮನೆಮನೆಗೆ ಹೋಗಿ, ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಂಡು, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ, ನಾಳೆ ನಿಮ್ಮ ಗಿಡದ ಜಾವಳ ಇದೆ ಬನ್ನಿ ಎಂದು ಕರೆದು ಬರುತ್ತಿದ್ದ!

ಜಾವಳ ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ಶಾಸ್ತ್ರ. ನಮ್ಮ ಕಡೆ ಅದು ಸೋದರಮಾವನಿಲ್ಲದೆ ಆಗುವುದಿಲ್ಲ. ಮಗುವನ್ನು ಅವನ ತೊಡೆಯ ಮೇಲೆ ಕೂಡಿಸಬೇಕು. ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಉದುರಿದ ಕೂದಲು ನೆಲಕ್ಕೆ ಬೀಳದಂತೆ ಸೋದರತ್ತೆ ಸೆರಗೊಡ್ಡಬೇಕು. ತವರಿನಿಂದ ಮಗುವಿಗೆ ಹೊಸ ಅಂಗಿ, ಜರದ ಟೊಪ್ಪಿಗೆ ಬರಬೇಕು. ತೆಗೆದ ಕೂದಲು ಮತ್ತೆ ದಟ್ಟವಾಗಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅಳುವುದು ಮಗು ಮಾತ್ರ, ಉಳಿದವರಿಗೆಲ್ಲ ಹೋಳಿಗೆ.

ಹಿಂಡಲಗಾ ರಸ್ತೆಯಲ್ಲಿ ಮಿಲ್ಟ್ರಿಯಿಂದ ನಿವೃತ್ತರಾದ ಸುಭೇದಾರರೊಬ್ಬರಿದ್ದರು. ಅವರ ಗೇಟಿನ ಮಾವಿನ ಗಿಡಕ್ಕೆ ಕೈ ಹಚ್ಚಲು ಹೋದ ಬೇರೆ ಗ್ಯಾಂಗಿನವರು ಅವರ ಗರ್ಜನೆಗೆ ನಿಚ್ಚಣಿಕೆ ಬಿಟ್ಟು ಓಡಿದ್ದರಂತೆ. ಮಾಮಾ ಹೋಗಿ ಗೇಟಿನ ಮುಂದೆ ಕೈಮುಗಿದು ನಿಂತ.

"ಆರ್ಡರ್ ಎಲ್ಲೈತಿ?" ಸುಭೇದಾರರು ಗುಡುಗಿದರು.

"ಆರ್ಡರ್ ಸಾಹೇಬರ ಕಡೆ ಐತ್ರಿ. ನಾ ಕರಿಯಾಕ ಬಂದೇನ್ರಿ. ನಾಳಿ ನಿಮ್ಮ ಗಿಡದ ಜಾವಳ. ನೀವು ಮನೀ ಹಿರ್ಯಾರು, ಮುಂದ ನಿಂತು ಮಾಡಿಸಬೇಕು."

"ಗಿಡಕ್ಕ ಜಾವಳ? ಸೋದರಮಾವ ಯಾರಲೇ ಅದಕ್ಕ?"

"ನಾನ ಅಲ್ರೀ!"

"ಹಂಗಾರ ನನಗ ಏನಾದಿ ನೀ?"

"ಹೆಂಡತಿ ತಮ್ಮ ಆದ್ನಿರಿ. ಬಿಸಲಾಗ ಗೇಟಿಗೆ ನಿಂದರಸಬಾರದು."

ಒಳಗಿನಿಂದ ಸುಭೇದಾರರ ಹೆಂಡತಿ ಬಿದ್ದು ಬಿದ್ದು ನಗುತ್ತ ಬಂದು, "ಬಾರಪ್ಪಾ ತಮ್ಮಾ, ಕುಂದ್ರು" ಎಂದು ಚಹಾ ಕೊಟ್ಟರು. ಮರುದಿನ ಸುಭೇದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆ ತಿದ್ದಿ, ಸೀಟಿ ಊದಿ ಮೊದಲ ಟೊಂಗೆ ಕಡಿಸಿದರು. ಮಾಮಾ ಮಾತ್ರ ಗಿಡಕ್ಕೆ ಬೆನ್ನು ಮಾಡಿ ನಿಂತಿದ್ದ.

ಸದಾಶಿವನಗರದ ಒಂದು ಓಣಿಯ ತಕರಾರು ಬೇರೆಯೇ. ಟೊಂಗೆ ಬಿದ್ದು ಕೇಬಲ್ ವೈರು ಹರಿದರೆ ಮಧ್ಯಾಹ್ನದ ಧಾರಾವಾಹಿಯ ಗತಿ ಏನು? ಅದರಲ್ಲೂ ಅಂದು ಧಾರಾವಾಹಿಯ ಸೊಸೆ ಕೋಮಾದಿಂದ ಕಣ್ಣು ಬಿಡುವುದಿತ್ತಂತೆ! ಮಾಮಾ ಕೂಡಲೇ ಭರಮಾನನ್ನು ಕೆಳಗಿಳಿಸಿ, ಒಬ್ಬರ ಹೊಸ್ತಿಲಲ್ಲಿ ಕುಳಿತು ತಾನೂ ನೋಡಿದ. ಸೊಸೆ ಕಣ್ಣು ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಕೆಲಸ ಯಾಕೆ ಮುಗಿಯಲಿಲ್ಲವೆಂದು ಆಫೀಸಿನ ಸಾಹೇಬರು ಕೇಳಿದಾಗ ಮಾಮಾ ಟಾವೆಲಿನಿಂದ ಕಣ್ಣೊರೆಸಿಕೊಂಡು, "ಪೇಷಂಟ್ ಸೀರಿಯಸ್ ಐತ್ರಿ ಸಾಹೇಬ್ರ" ಅಂದನಂತೆ.

ಇನ್ನೊಂದು ಕಥೆ ಭರಮಾ ಹೇಳಿದ್ದು, ಅರ್ಧ ಸುಳ್ಳಿರಬಹುದು. ಜೇಲಿನ ಗೋಡೆಯ ಬಾಜು ಒಂದು ಗಿಡ ಸವರುವುದಿತ್ತು. ನೆರಳಲ್ಲಿ ಇರುವವರಿಗೆಲ್ಲ ಮೊದಲು ತಿಳಿಸಬೇಕು ಎಂಬುದು ಮಾಮಾನ ಪದ್ಧತಿಯಲ್ಲವೇ? ಗೋಡೆಯ ಹೊರಗೆ ನಿಂತು, ಒಳಗಿನವರಿಗೆ ಕೇಳಲೆಂದು ಗಟ್ಟಿಯಾಗಿ, "ನಾಳಿ ಈ ಟೊಂಗಿ ಹೋಗತೈತ್ರಿ, ಬ್ಯಾಸರಾ ಮಾಡಕೋಬ್ಯಾಡ್ರಿ" ಎಂದು ಕೂಗಿದನಂತೆ. ಪಹರೆಯವನು ಓಡಿ ಬಂದು, "ಅದನ್ನ ನಂಬಿ ಕುಂತವರು ಯಾರರ ಇದ್ದರ ಇವತ್ತ ಗ್ವಾಡಿ ಹಾರತಾರಪ್ಪಾ, ಸುಮ್ಮನ ನಡಿ!" ಎಂದು ಕೈಹಿಡಿದು ದೂಡಿಕೊಂಡು ಹೋದನಂತೆ.

"ಮನೆಮನೆ ಹೊಸ್ತಿಲ ಯಾಕ ತುಳೀತಿ? ನೋಟೀಸ್ ಹಚ್ಚಿ ಬಾ, ಸಾಕು" ಎಂದು ಸಾಹೇಬರು ಅನೇಕ ಸಲ ಹೇಳಿದ್ದರು.

"ನಿಮ್ಮ ಮಗಳ ಮದುವಿಗೆ ನಮ್ಮ ಗ್ವಾಡಿಗೆ ನೋಟೀಸ್ ಹಚ್ಚಿ ಹೋಗಿದ್ರ ನಾ ಊಟಕ್ಕ ಬರತಿದ್ನೇನ್ರಿ?" ಎಂಬುದು ಮಾಮಾನ ಉತ್ತರ. ಮನೆಯಲ್ಲಿ ಗಿಡದ ಮೇಲೆ ಯಾರಿಗೆ ಹೆಚ್ಚು ಜೀವವೋ ಅವರು ತಾವೇ ಬಾಯಿಬಿಟ್ಟು, ತನ್ನ ಮುಖ ನೋಡಿ 'ಹೂಂ' ಅನ್ನುವವರೆಗೆ ಅವನು ನಿಚ್ಚಣಿಕೆ ಹಚ್ಚಿಸುತ್ತಿರಲಿಲ್ಲ. ಒಬ್ಬರ ಹೂಂ ಇನ್ನೊಬ್ಬರ ಬಾಯಲ್ಲಿ ಬಂದರೆ ನಡೆಯುವುದಿಲ್ಲ. ಗಂಡ ಹೂಂ ಅಂದು ಹೆಂಡತಿ ಅಡಿಗೆಮನೆಯಲ್ಲಿ ಸುಮ್ಮನಿದ್ದರೆ, ಆಕೆ ರೊಟ್ಟಿ ಬಡಿದು ಮುಗಿಸಿ ಹೊರಗೆ ಬರುವವರೆಗೆ ಕಾಯುತ್ತಿದ್ದ.

ಹೀಗೆ ಇಡೀ ಊರನ್ನು ಮಾತಿನಲ್ಲಿ ಒಲಿಸಿಕೊಂಡ ಈ ಮಹಾರಾಯನ ಜೊತೆ ಊರಲ್ಲಿ ಒಬ್ಬರು ಮಾತ್ರ ಮಾತಾಡುತ್ತಿರಲಿಲ್ಲ. ಅವರು ಯಾರೆಂದುಕೊಂಡಿರಿ? ಅವನ ಒಡಹುಟ್ಟಿದ ಅಕ್ಕ, ನಮ್ಮ ಅವ್ವ!

ಅವ್ವನ ಸಿಟ್ಟಿಗೆ ಕಾರಣವೂ ಜಾವಳವೇ. ನನ್ನ ತಮ್ಮನ ಜಾವಳ ನಡೆದದ್ದು ಕಾಕತಿಯಲ್ಲಿ, ಅಪ್ಪನ ಊರಿನ ಮನೆಯಲ್ಲಿ. ಅವ್ವನ ತಾಯಿ, ನಮ್ಮ ಆಯಿ, ತೀರಿಕೊಂಡು ಆಗ ವರ್ಷ ತುಂಬಿದ್ದಷ್ಟೇ. ತವರು ಅಂದರೆ ಅವ್ವನಿಗೆ ಉಳಿದವನು ಈ ಒಬ್ಬ ತಮ್ಮ. ಬಂಧುಬಳಗವೆಲ್ಲ ನೆರೆದಿದೆ, ಕ್ಷೌರಿಕ ಕತ್ತರಿ ಹಿಡಿದು ಕುಳಿತಿದ್ದಾನೆ, ಸೋದರಮಾವನ ಪತ್ತೆಯಿಲ್ಲ! ಮುಹೂರ್ತ ಮೀರುತ್ತದೆಂದು ಕಡೆಗೆ ತಮ್ಮನನ್ನು ನಮ್ಮ ಕಾಕಾನ ತೊಡೆಯ ಮೇಲೆ ಕೂಡಿಸಿ ಮುಗಿಸಿದರು. "ತವರಿನವರು ಯಾರೂ ಬರಲಿಲ್ಲೇನವಾ?" ಎಂದು ಬಂದವರೆಲ್ಲ ಅವ್ವನನ್ನು ಕೇಳಿದರು. ಅವತ್ತಿನಿಂದ ಅವ್ವ ಮಾಮಾನ ಜೊತೆ ಮಾತು ಬಿಟ್ಟಳು, ಖಾನಾಪುರಕ್ಕೆ ಹೋಗುವುದನ್ನೂ ಬಿಟ್ಟಳು.

ಆ ಜಾವಳದ ಫೋಟೊ ಬೆಳಗಾವಿಯ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲಿತ್ತು. ಬೋಳುತಲೆಯ ಮೇಲೆ ಜರದ ಟೊಪ್ಪಿಗೆ ಇಟ್ಟುಕೊಂಡು ತಮ್ಮ ಬಾಯಿ ತೆರೆದು ಅಳುತ್ತಿದ್ದಾನೆ. ಟೊಪ್ಪಿಗೆ ಚೆಂದ ಇದೆ, ಯಾರು ಕೊಟ್ಟದ್ದು ಎಂದು ಯಾರಾದರೂ ಕೇಳಿದರೆ ಅವ್ವ "ಯಾರೋ ಕೊಟ್ಟಿದ್ರು" ಎಂದು ಒಳಗೆ ಎದ್ದು ಹೋಗುತ್ತಿದ್ದಳು. ತಮ್ಮನಿಗೆ ಮೀಸೆ ಮೂಡಿದರೂ ಅವ್ವನ ಸಿಟ್ಟು ಇಳಿದಿರಲಿಲ್ಲ.

"ಕೂದಲಾ ನಂದು, ನನಗ ಸಿಟ್ಟಿಲ್ಲ. ನಿನಗ್ಯಾಕವ್ವಾ?" ಎಂದು ಅವನೇ ಒಮ್ಮೆ ಕೇಳಿದ.

"ನಿನಗೇನ ತಿಳೀತೈತಿ? ನೀ ಆವಾಗ ಅಳಾಕತ್ತಿದ್ದಿ."

ಮಾತಿಲ್ಲ ಅಂದ ಮಾತ್ರಕ್ಕೆ ಮಾಮಾ ಬರುವುದನ್ನು ಬಿಟ್ಟನೇ? ಇಲ್ಲ. ನಮ್ಮ ಕಡೆ ಕೆಲಸ ಇದ್ದಾಗಲೆಲ್ಲ ಬರುತ್ತಿದ್ದ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ನಮ್ಮ ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ, ಒಂದು ನೇರಲ ಗಿಡ. ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಈ ಮನೆ ಕಟ್ಟಿದಾಗ ಆಯಿ ತನ್ನ ಹಿತ್ತಲಿನ ನೇರಲ ಗಿಡದ ಬೀಜ ಹಾಕಿ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ ಸಸಿ ಅದು. ಆಗಿನ್ನೂ ಚಿಗುರು ಮೀಸೆಯ ಮಾಮಾ ಆ ಡಬ್ಬಿಯನ್ನು ಎದೆಗವಚಿಕೊಂಡು ಖಾನಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದು, ತಾನೇ ಕುಣಿ ತೋಡಿ ನೆಟ್ಟದ್ದು. ಈಗ ಅದರ ಕೆಳಗೆ ಮಾಮಾ ಕೂಡುವನು, ಒಳಗೆ ಪಡಸಾಲೆಯ ಬಾಗಿಲಲ್ಲಿ ಅವ್ವ ಕೂಡುವಳು, ನಡುವೆ ಗೇಟಿನಲ್ಲಿ ನಾನು. ಹಗಲೆಲ್ಲ ಸಾಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು, ಮನೆಗೆ ಬಂದರೆ ಈ ಇಬ್ಬರ ನಡುವೆ ಟೆಲಿಫೋನ್ ಎಕ್ಸ್‌ಚೇಂಜಿನ ನೌಕರಿ!

"ನಿಮ್ಮ ಮಾಮಾಗ ಕೇಳು, ಚಾದಾಗ ಸಕ್ಕರಿ ಸಾಕೇನಂತ."

ಅವ್ವನ ಮಾತು ಓಣಿಯ ತುದಿಗೂ ಕೇಳಿಸುತ್ತದೆ. ಆದರೆ ನಾನು ತಿರುಗಿ ಇನ್ನೊಮ್ಮೆ ಹೇಳುವವರೆಗೆ ಮಾಮಾನಿಗೆ ಕೇಳಿಸುವಂತಿಲ್ಲ.

"ನಿಮ್ಮವ್ವಗ ಹೇಳು, ಜಾಸ್ತೀನ ಆಗೈತಿ ಅಂತ."

"ಜಾಸ್ತಿ ಆಗಿದ್ದರ ಕುಡೀಬ್ಯಾಡ ಅನ್ನು."

"ಕುಡದು ಮುಗಸೇನಿ ಅನ್ನು."

ಮಾಮಾ ಊರ ಗಿಡಗಳಿಗೆಲ್ಲ ಸೋದರಮಾವ ಆಗುತ್ತಿರುವ ಸುದ್ದಿ ನೆರೆಹೊರೆಯವರ ಬಾಯಿಂದ ಅವ್ವನ ಕಿವಿಗೂ ಬಿತ್ತು. ಎಲ್ಲರೂ ನಕ್ಕು ಹೇಳಿದರು, ಅವ್ವ ನಗಲಿಲ್ಲ. "ನಿಮ್ಮ ಮಾಮಾಗ ಹೇಳು, ಕಂಡ ಕಂಡ ಗಿಡದ ಜಾವಳಕ್ಕ ಹೋಗಾಕ ಪುರಸತ್ತ ಐತಿ, ಅಕ್ಕನ ಮಗನ ಜಾವಳಕ್ಕ ಇರಲಿಲ್ಲೇನಂತ." ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಾಮಾ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟು, ಟಾವೆಲ್ ಕೊಡವಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಆ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಓಣಿಯ ಸರದಿ ಬಂತು. ನೇರಲ ಗಿಡದ ಟೊಂಗೆಗಳು ತಂತಿಯನ್ನು ತಬ್ಬಿಕೊಂಡಿದ್ದವು. ಗಾಳಿ ಬೀಸಿದರೆ ಕಿಡಿ, ಕಿಡಿ ಹಾರಿದರೆ ಓಣಿಯಲ್ಲೆಲ್ಲ ಕರೆಂಟ್ ಹೋಗುವುದು. ಹಿಂದಿನ ದಿನ ಮಾಮಾ ಎಲ್ಲ ಮನೆಗಳ ಹೊಸ್ತಿಲು ಹತ್ತಿ ಕರೆದು ಬಂದ. ಎಲ್ಲರೂ ಹೂಂ ಅಂದರು. ನಮ್ಮ ಗೇಟಿಗೆ ಬಂದಾಗ ಮಾತ್ರ ಹೊಸ್ತಿಲು ಹತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆದ.

"ನಿಮ್ಮವ್ವಗ ಕೇಳು, ಗಿಡಾ ಸವರಬೇಕಾಗೈತಿ, ಏನಂತಾಳ."

ಒಳಗಿನಿಂದ ಉತ್ತರ ತಯಾರಾಗಿತ್ತು: "ಗಿಡ ಮೊದಲ ಬಂದೈತಿ, ತಂತಿ ಆಮ್ಯಾಲ ಬಂದೈತಿ. ಹಿಂದ ಬಂದವರು ಸರಕೋಬೇಕು ಅನ್ನು."

"ತಂತೀಗೆ ಕಿವಿ ಇಲ್ಲ ಅನ್ನು."

"ಗಿಡದ ತುಂಬ ಕಾಯಿ ಹಿಡದಾವ. ಬಸುರೀ ತಲಿ ಯಾರರ ಬೋಳಸತಾರೇನು ಕೇಳು!"

ಅಪ್ಪ ಪೇಪರಿನ ಹಿಂದಿನಿಂದ, "ಹೂಂ, ಸವರ್ರಿ" ಅಂದರು. ಅಪ್ಪನ ಹೂಂ ನಮ್ಮ ಮನೆಯಲ್ಲಿ ಯಾರ ಲೆಕ್ಕಕ್ಕೂ ಇರಲಿಲ್ಲ, ಮಾಮಾನ ಲೆಕ್ಕಕ್ಕೆ ಹೇಗೆ ಬಂದೀತು?

ಈಗ ನೋಡಿ ಗಂಟು! ಸವರದಿದ್ದರೆ ಓಣಿಗೆ ಕರೆಂಟಿಲ್ಲ. ಸವರಬೇಕಾದರೆ ಅವ್ವ ಮಾಮಾನ ಮುಖ ನೋಡಿ ಹೂಂ ಅನ್ನಬೇಕು. ಅವ್ವ ಅವನ ಜೊತೆ ಮಾತೇ ಆಡುವುದಿಲ್ಲ. ನಾನು ಉಪಾಯ ಹೂಡಿ, "ಅವ್ವ ಹೂಂ ಅಂದ್ಲು ಮಾಮಾ" ಎಂದು ಸುಳ್ಳು ಹೇಳಿ ನೋಡಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, "ನಿಮ್ಮವ್ವನ ಹೂಂ ಇಷ್ಟ ಮೆತ್ತಗ ಇರೂದಿಲ್ಲ ಮಗಳ" ಎಂದು ನಕ್ಕ.

ದಿನಗಳು ಹೋದವು. ಓಣಿಯವರು ಮೊದಲು ತಮಾಷೆ ನೋಡಿದರು, ಆಮೇಲೆ ಮುಖ ಗಂಟಿಕ್ಕಿದರು. ಒಂದು ಮಧ್ಯಾಹ್ನ ಮುಂಗಾರಿಗೆ ಮೊದಲಿನ ಅಡ್ಡಮಳೆಯ ಗಾಳಿ ಬೀಸಿಕೊಂಡು ಬಂತು. ನೇರಲ ಗಿಡದ ತಲೆಯಿಂದ ಚಟಚಟ ಕಿಡಿ ಉದುರಿದವು. ಎದುರು ಮನೆಯ ಬಾಣಂತಿ ಕೂಸನ್ನೆತ್ತಿಕೊಂಡು ಹೊರಗೆ ಓಡಿ ಬಂದಳು. ಕರೆಂಟ್ ಹೋಯಿತು. ಆಕೆ ಕೂಸಿಗೆ ಮೊರದಿಂದ ಗಾಳಿ ಹಾಕುತ್ತ ಕುಳಿತಳು. ಅವ್ವ ಅದನ್ನು ನೋಡುತ್ತ ನಿಂತವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಸಾಹೇಬರ ತಾಳ್ಮೆಯೂ ತೀರಿತ್ತು. ಭರಮಾ ಬಂದು ನನಗೆ ಹೇಳಿದ: "ಅಕ್ಕಾರ, ನಾಳಿ ಮುಂಜಾನಿ ಬ್ಯಾರೆ ಗ್ಯಾಂಗ್ ಕಳಸತಾರಂತ. ಅವರು ಕೇಳೂದಿಲ್ಲ ಗೀಳೂದಿಲ್ಲ, ಬೊಡ್ಡೀತನಾ ಕಡದ ಹೋಗತಾರ. ಮುಕಾದಮರು ಸಾಹೇಬರ ಮುಂದ ಕೈಮುಗದಾರ. ಬಿಸಲ ಏರೂತನಾ ಟೈಮ್ ಕೊಟ್ಟಾರ, ಅಷ್ಟ."

ನಾನು ಅವ್ವನಿಗೆ ಹೇಳಿದೆ. ಬುಡದವರೆಗೆ ಕಡಿದರೆ ಏನು ಹೋಗುತ್ತದೆ ಎಂಬುದು ನನಗೆ ಅಂದೇ ಹೊಳೆದದ್ದು. ಆಯಿಯ ಗಿಡ ಹೋಗುತ್ತದೆ, ಅದಂತೂ ಸರಿ. ಮಾಮಾ ಬಂದು ಕೂಡುವ ನೆರಳೂ ಹೋಗುತ್ತದೆ. ಒಳಗೆ ಕರೆಯದ ಅಕ್ಕ, ಕರೆಯದೆ ಬಾರದ ತಮ್ಮ, ಇವರಿಬ್ಬರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳಲು ಇದ್ದ ಜಾಗ ಅದೊಂದೇ. ನಾಳೆಯಿಂದ ಅವನು ಯಾವ ನೆಪದಲ್ಲಿ ಬಂದಾನು? ಮರುದಿನ ಅವ್ವ ಮುಂಜಾನೆ ಬೇಗನೆ ಎದ್ದು, ತಲೆಗೆ ನೀರು ಹಾಕಿಕೊಂಡು, ಪಡಸಾಲೆಯ ಬಾಗಿಲಲ್ಲಿ ಬಂದು ನಿಂತಳು.

ಮಾಮಾ ಬಂದ. ಹಿಂದೆ ನಿಚ್ಚಣಿಕೆ ಹೊತ್ತ ಭರಮಾ. ಕಟ್ಟೆಯ ಹತ್ತಿರ ಬಂದವನು ಕೂಡಲಿಲ್ಲ. ನನ್ನನ್ನು 'ಮಗಳ' ಎಂದು ಕರೆಯಲೂ ಇಲ್ಲ. ಗೇಟು ತೆರೆದು ಒಳಗೆ ಬಂದ! ಚಪ್ಪಲಿ ಬಿಟ್ಟು, ಮೆಟ್ಟಿಲ ಕೆಳಗೆ ನಿಂತು, ಟಾವೆಲ್ ಸರಿಮಾಡಿಕೊಂಡು, ಯಾರೋ ಪರಊರಿನವರ ಮನೆಗೆ ಬಂದವನ ಹಾಗೆ ತನ್ನ ಅಕ್ಕನಿಗೇ ಕೈಮುಗಿದ.

"ನಮಸ್ಕಾರ್ರಿ ಅಕ್ಕಾರ. ನಾ ಗಿಡಾ ಸವರೂ ಗ್ಯಾಂಗಿನ ಮುಕಾದಮರಿ. ಇವತ್ತ ನಿಮ್ಮ ಮನೀ ಮುಂದಿನ ಗಿಡದ ಜಾವಳ ಐತ್ರಿ. ತಂತೀ ಬಾಜೂದಷ್ಟ ತಗೀತೇವಿ, ಉಳದದ್ದು ಮುಟ್ಟೂದಿಲ್ಲ. ಮನೀ ಹಿರ್ಯಾರು ನೀವು, ಹೂಂ ಅನಬೇಕು. ಗಿಡಕ್ಕ ಸೋದರಮಾವ..."

ಊರಲ್ಲಿ ಎಷ್ಟೋ ಮನೆಗಳ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಆಡಿದ ಮಾತು ಅದು. ಇಲ್ಲಿ ಅರ್ಧಕ್ಕೇ ನಿಂತಿತು. ಊರ ಗಿಡಗಳಿಗೆಲ್ಲ ಅವನು ಸುಳ್ಳು ಸೋದರಮಾವ. ಈ ಒಂದು ಗಿಡಕ್ಕೆ, ಅಕ್ಕ ಮಗುವಿನ ಹಾಗೆ ಸಾಕಿದ ಈ ಗಿಡಕ್ಕೆ, ನಿಜವಾದ ಸೋದರಮಾವ. ನಾನು ಅವ್ವನ ಕಡೆ ತಿರುಗಿದೆ. 'ನಿಮ್ಮ ಮಾಮಾಗ ಹೇಳು' ಎಂದು ಶುರುವಾಗುತ್ತದೆಂದು ಕಾದೆ.

"ಆ ದಿನಾ ಹಿತ್ತಲ ಬಾಗಲಿಗೆ ಬಂದು ಯಾಕ ಹೊಳ್ಳಿ ಹೋದಿ?"

ಅವ್ವ ಕೇಳಿದ್ದು ನನ್ನನ್ನಲ್ಲ. ನೇರ ಮಾಮಾನನ್ನೇ.

ನನಗೂ ತಮ್ಮನಿಗೂ ತಲೆಬುಡ ತಿಳಿಯಲಿಲ್ಲ. ತಮ್ಮನ ಜಾವಳಕ್ಕೆ ಅವನು ಬಂದೇ ಇರಲಿಲ್ಲವಲ್ಲ?

"ನಿನಗ ಗೊತ್ತಿತ್ತಾ?" ಮಾಮಾ ತೊದಲಿದ.

"ನೆರಿಮನೀ ಮುದುಕಿ ಕೈಯಾಗ ಟೊಪ್ಪಿಗಿ ಕೊಟ್ಟು ಹೋದಿ. ಒಳಗ ಅಸ್ತರಕ್ಕ ಅವ್ವನ ಇಲಕಲ್ ಸೀರೀ ತುಂಡ ಹಚ್ಚಿದ್ದಿ. ಅವ್ವನ ಸೀರಿ ನನಗ ಗುರುತ ಸಿಗೂದಿಲ್ಲೇನು? ನೀ ಬರಲಿಲ್ಲ ಅಂತ ನನಗ ಸಿಟ್ಟಿಲ್ಲ. ಬಂದು, ಅಕ್ಕನ ಮಾರಿ ನೋಡದ ಹೋದೆಲ್ಲಾ, ಅದಕ್ಕ ಸಿಟ್ಟು. ನಾ ಮುಂದಿನ ಬಾಗಲಾಗ ನಿಂತು ಹಾದಿ ನೋಡಾಕತ್ತಿದ್ದೆ. ಎಲ್ಲಾರೂ ತವರಿನವರು ಎಲ್ಲಿ ಅಂದ್ರು. ಕೈಯಾಗ ಟೊಪ್ಪಿಗಿ ಹಿಡದ ಸುಮ್ಮನ ನಿಂತಿದ್ದೆ."

ಗೋಡೆಯ ಮೇಲಿನ ಫೋಟೊವನ್ನು ತಮ್ಮ ಹೊಸದಾಗಿ ನೋಡಿದ.

ಮಾಮಾ ಟಾವೆಲಿನ ಅಂಚನ್ನು ಹಿಂಡುತ್ತ ನಿಂತಿದ್ದ. "ಕೂಸಿನ ಅಳೂದು ಹಿತ್ತಲಕ್ಕ ಕೇಳಿಸ್ತಕ್ಕಾ. ಅವ್ವ ಇದ್ದಿದ್ದರ ಆಕೀನ ಕೂಸನ್ನ ರಮಿಸತಿದ್ಲು ಅನಿಸ್ತು. ಅವ್ವ ಇಲ್ಲದ ಮನೀಯಿಂದ ನಾ ಒಬ್ಬನ ಟೊಪ್ಪಿಗಿ ಹಿಡಕೊಂಡು ಬಂದೇನಿ ಅನಿಸ್ತು. ಅಳು ತಡಕೊಳ್ಳಾಕ ಆಗಲಿಲ್ಲ. ಶುಭಕಾರ್ಯದಾಗ ತವರಿನಿಂದ ಬಂದಾಂವ ಅಳಬಾರದಲ್ಲಕ್ಕಾ... ಅದಕ್ಕ ಹೋದೆ."

"ಹುಚ್ಚಪ್ಯಾಲಿ," ಅಂದಳು ಅವ್ವ. "ಬಂದು ಅಳಬೇಕಾಗಿತ್ತಪ್ಪಾ. ನಾನೂ ಅಳತಿದ್ದೆ. ಆ ದಿನಾ ನನಗೂ ಅವ್ವ ಇರಲಿಲ್ಲ."

ಗೇಟಿನಾಚೆ ಭರಮಾ ನಿಚ್ಚಣಿಕೆಯನ್ನು ಹೆಗಲಿಂದ ಇಳಿಸದೆ ಹಾಗೇ ನಿಂತಿದ್ದ. ಅಪ್ಪ ಪೇಪರ್ ಮಡಿಚಿ ಇಟ್ಟರು. ನಮ್ಮ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮೆಟ್ಟಿಲಿಳಿದಳು. ಮಾಮಾನ ಮುಖ ನೋಡಿದಳು. "ಹೂಂ," ಅಂದಳು. ಮಾಮಾ ಹೇಳಿದ್ದು ನಿಜ, ಅವಳ ಹೂಂ ಮೆತ್ತಗಿರಲಿಲ್ಲ, ಎದುರು ಮನೆಯ ಬಾಣಂತಿಗೂ ಕೇಳಿಸಿತು. "ಸವರಸು. ಆದರ ಬೆನ್ನ ತಿರವಿ ನಿಂದ್ರಬ್ಯಾಡ. ಈ ಸಲ ಗಿಡದ ಕಡೆ ಮಾರಿ ಮಾಡು."

ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಮಾಮಾ ಅದರ ಮೇಲೆ ಕುಳಿತು ನೇರಲ ಗಿಡದ ಬೊಡ್ಡೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಗಿಡ ತೊಡೆಯ ಮೇಲೆ ಬರುವಂತಿರಲಿಲ್ಲ, ಇವನೇ ಅದರ ತೊಡೆಯ ಮೇಲೆ ಕುಳಿತಂತೆ ಕಾಣುತ್ತಿತ್ತು! ಕೈಗೆಟುಕಿದ ಒಂದು ಸಣ್ಣ ಚಿಗುರನ್ನು ಅವನೇ ಕುಡುಗೋಲಿನಿಂದ ತೆಗೆದ. ಬಹುಶಃ ಅವನ ಜೀವಮಾನದಲ್ಲಿ ಅವನು ಸ್ವತಃ ಕತ್ತರಿಸಿದ್ದು ಅದೊಂದೇ. ಆಮೇಲೆ ಭರಮಾ ಏರಿದ. ಟೊಂಗೆಗೆ ಕೊಡಲಿ ತಾಗಿದಾಗ ಮಾಮಾ ನಡುಗಿದ, ಕಣ್ಣು ಮಾತ್ರ ಮುಚ್ಚಲಿಲ್ಲ. ಹಸಿರು ಕಾಯಿ ಉದುರತೊಡಗಿದವು. ಸೆರಗೊಡ್ಡಲು ಸೋದರತ್ತೆ ಎಲ್ಲಿ ಎಂದು ಭರಮಾ ಮೇಲಿನಿಂದ ಚೇಷ್ಟೆ ಮಾಡಿದ. "ನಾನ ಹಿಡೀತೇನಿ, ನೀ ಕೆಲಸಾ ನೋಡು" ಎಂದು ಅವ್ವ ಸೆರಗೊಡ್ಡಿ ಹಿಡಿದು ನಿಂತಳು. ಅಕ್ಕ ತಮ್ಮ ಇಬ್ಬರೂ ಗಿಡದ ಕಡೆ ನೋಡುತ್ತ ಅಳುತ್ತಿದ್ದರು. ಒಬ್ಬರೂ ಕಣ್ಣು ಒರೆಸಿಕೊಳ್ಳಲಿಲ್ಲ. ಎದುರು ಮನೆಯ ಕೂಸು ಮಾತ್ರ ನಗುತ್ತಿತ್ತು.

ಕೆಲಸ ಮುಗಿದು, ಓಣಿಗೆ ಕರೆಂಟ್ ಬಂತು. ನಾನು ಒಳಗೆ ಹೋಗಿ ಚಹಾ ಮಾಡಿ ತಂದೆ. ಅಭ್ಯಾಸಬಲದಿಂದ ಗೇಟಿನ ತನಕ ಹೋಗಿ ತಿರುಗಿ ನೋಡಿದರೆ ಮಾಮಾ ಕಟ್ಟೆಯ ಮೇಲಿಲ್ಲ. ಪಡಸಾಲೆಯಲ್ಲಿ, ಅವ್ವನ ಎದುರಿಗೆ, ಫೋಟೊದ ಕೆಳಗೆ ಕುಳಿತಿದ್ದ.

"ಸಂಜೀ ಬಸ್ಸಿಗೆ ನಾನೂ ಬರತೇನಿ," ಅವ್ವ ಹೇಳುತ್ತಿದ್ದಳು. "ಹಿತ್ತಲಾಗ ಆ ತಾಯಿಗಿಡ ಐತ್ಯಾ ಇನ್ನ?"

"ಐತಿ. ನೀ ಬಂದ ನೋಡು, ಒಂದ ಟೊಂಗೀನೂ ಮುಟ್ಟಿಲ್ಲ ನಾ."

ಚಹಾದ ಕಪ್ಪುಗಳನ್ನು ಇಬ್ಬರ ನಡುವೆ ಇಟ್ಟು, ಸಕ್ಕರೆ ಸಾಕೇ ಎಂದು ಯಾರನ್ನು ಕೇಳಲಿ ಎಂದು ತಿಳಿಯದೆ ನಿಂತೆ. ಅವರಿಬ್ಬರೂ ಮಾತಿನಲ್ಲಿ ಮುಳುಗಿದ್ದರು. ಯಾರಿಗೆ ಏನು ಹೇಳಬೇಕೆಂದು ನನಗೆ ಯಾರೂ ಹೇಳಲಿಲ್ಲ.